ಹಾರಿಸೋದು ಎರಡು ಥರ: ಒಂದು ಪ್ಲೇನು, ಒಂದು ಹಳೇ ಕೋವಿ

(1/9)

ಹೋದ ವಾರ ಹಾಕಿದ ಫೋಟೋಗಳಿಗೆ ಬಂದ ಕಾಮೆಂಟ್‌ಗಳನ್ನ ಎರಡು ಗುಂಪು ಮಾಡಬಹುದು.

ಒಂದನೇ ಗುಂಪು: "ಕೋವಿ ಇಟ್ಕೊಂಡು ಪಿಕ್ನಿಕ್ಕಾ? ತಲೆ ಕೆಟ್ಟಿದ್ಯಾ ನಿಮಗೆ?"

ಎರಡನೇ ಗುಂಪು: "ಮಗಾ, ಪ್ಲೇನ್ ಮೇಲಿರುವಾಗ ಅದಕ್ಕೇ ಗುಂಡು ಹೊಡೀಬೇಕಿತ್ತು. ರೀಲ್ ಎಲ್ಲಿಗೋ ಹೋಗ್ತಿತ್ತು!"

ಇಬ್ಬರಿಗೂ ಉತ್ತರ ಕೊಡಬೇಕು ಅನ್ನಿಸ್ತು. ಒಂದು ಕಾಮೆಂಟಲ್ಲಿ ಮುಗಿಯೋ ಮಾತಲ್ಲ, ಅದಕ್ಕೇ ಒಂಬತ್ತು ಕ್ಯಾಪ್ಷನ್. ಟೈಮ್ ಇಲ್ಲದೋರು ಸೇವ್ ಮಾಡ್ಕೊಂಡು ಇಂಟರ್ನಲ್ಸ್ ಮುಗಿದ ಮೇಲೆ ಓದಿ.

ಹೊಸದಾಗಿ ಬಂದವರಿಗೆ ವಿಷಯ ಇಷ್ಟು. ನಾವು ನಾಲ್ಕು ಜನ, ಎಲ್ಲರೂ ಬಿಕಾಂ, ಸೇರಿ ಒಂದು ರಿಮೋಟ್ ಕಂಟ್ರೋಲ್ ವಿಮಾನ ಕಟ್ಟಿದ್ವಿ. ಜನವರಿಯಲ್ಲಿ ಎರಡು ದಿನ ರಜೆ ಸಿಕ್ತು. ನಮ್ಮಲ್ಲೊಬ್ಬನ ಮನೆ ದಕ್ಷಿಣ ಕೊಡಗಿನಲ್ಲಿ, ಗೋಣಿಕೊಪ್ಪದ ಹತ್ತಿರ. ಕೊಯ್ಲು ಮುಗಿದು ಗದ್ದೆ ಬಯಲು ಖಾಲಿ ಇತ್ತು. ಬೆಳಿಗ್ಗೆ ಅಲ್ಲಿ ಪ್ಲೇನ್ ಹಾರಿಸಿದ್ವಿ. ಮಧ್ಯಾಹ್ನ ಅವರ ಮನೆಯವರು ತಮ್ಮ ಹಳೇ ಕೇಪಿನ ಕೋವಿ ತೆಗೆದು ತೆಂಗಿನಕಾಯಿಗೆ ಗುರಿ ಇಟ್ರು. ನಾವು ನೋಡಿದ್ವಿ. ಅಷ್ಟೇ.

ಕನ್ನಡದಲ್ಲಿ ಒಂದು ಮಜಾ ಇದೆ ನೋಡಿ. ವಿಮಾನವನ್ನೂ "ಹಾರಿಸ್ತೀವಿ", ಗುಂಡನ್ನೂ "ಹಾರಿಸ್ತೀವಿ". ಕ್ರಿಯಾಪದ ಒಂದೇ. ವ್ಯತ್ಯಾಸ ಇರೋದು ಆಮೇಲೆ. ಪ್ಲೇನನ್ನ ಹಾರಿಸಿದ ಮೇಲೂ ಸ್ಟಿಕ್ ಕೈಯಲ್ಲೇ ಇರುತ್ತೆ, ವಾಪಸ್ ಕರೀಬಹುದು. ಗುಂಡನ್ನ ವಾಪಸ್ ಕರಿಯೋಕೆ ಆಗಲ್ಲ.

ಈ ಒಂಬತ್ತು ಕ್ಯಾಪ್ಷನ್‌ನಲ್ಲಿ ನಾನು ಹೇಳಬೇಕಿರೋದು ಒಂದೇ ಮಾತು: ಹಾರಿಸೋಕೆ ಮುಂಚೆ ಅದು ಎಲ್ಲಿ ಇಳಿಯುತ್ತೆ ಅಂತ ಗೊತ್ತಿದ್ರೆ ಅದು ಆಟ. ಗೊತ್ತಿಲ್ಲದಿದ್ರೆ ಅದು ಬರೀ ಶೋಕಿ.

(2/9)

ಮೊದಲು ಪ್ಲೇನ್ ಲೆಕ್ಕ. ಬಿಕಾಂ ಓದ್ತಿರೋರು ಲೆಕ್ಕ ಕೊಡದೇ ಇದ್ರೆ ಹೇಗೆ?

ಮೋಟಾರ್ 450. ಅದರ ಸ್ಪೀಡ್ ಕಂಟ್ರೋಲರ್ 450. ಸಣ್ಣ ಸರ್ವೋ ನಾಲ್ಕು, 480. ಲಿಪೋ ಬ್ಯಾಟರಿ 1,700. ರೇಡಿಯೋ ಮತ್ತು ರಿಸೀವರ್ 4,600. ಸನ್‌ಪ್ಯಾಕ್ ಶೀಟು, ಗ್ಲೂ ಕಡ್ಡಿ, ಟೇಪು ಎಲ್ಲಾ ಸೇರಿ 320. ಒಟ್ಟು 8,000 ರೂಪಾಯಿ. ತಲೆಗೆ ಎರಡು ಸಾವಿರ. ಇದರಲ್ಲಿ ರೇಡಿಯೋ ನಮ್ಮ ಫಿಕ್ಸೆಡ್ ಅಸೆಟ್, ನೆಲಕ್ಕೆ ಬಿದ್ದರೆ ಹೋಗೋದು ಬರೀ ಶೀಟು. ಆದ್ದರಿಂದ ಎರಡನೇ ಪ್ಲೇನ್ ತುಂಬಾ ಅಗ್ಗ. ಈ ಮಾತು ಮನೇಲಿ ಹೇಳಿ ನೋಡಿ, ವರ್ಕ್ ಆಗುತ್ತೆ.

ಸನ್‌ಪ್ಯಾಕ್ ಅಂದ್ರೆ ಚುನಾವಣೆ ಬೋರ್ಡ್, ಟ್ಯೂಷನ್ ಬೋರ್ಡ್ ಮಾಡ್ತಾರಲ್ಲ, ಅದೇ ಪ್ಲಾಸ್ಟಿಕ್ ಶೀಟು. ಕತ್ತರಿಸಿ ಮಡಚಿದರೆ ರೆಕ್ಕೆ. ಕಟ್ಟೋದು ಕಷ್ಟ ಇಲ್ಲ. ಕಷ್ಟ ಇರೋದು ತೂಕ ಸರಿದೂಗಿಸೋದ್ರಲ್ಲಿ. ರೆಕ್ಕೆಯ ಮುಂದಿನ ಅಂಚಿನಿಂದ ಸುಮಾರು ಕಾಲು ಭಾಗ ಹಿಂದೆ, ಎರಡೂ ಕಡೆ ಬೆರಳಿಟ್ಟು ಎತ್ತಿದ್ರೆ ಪ್ಲೇನ್ ಸಮವಾಗಿ ನಿಲ್ಲಬೇಕು. ಮೂತಿ ಭಾರ ಇದ್ರೆ ಸೋಮಾರಿ ಥರ ಹಾರುತ್ತೆ. ಬಾಲ ಭಾರ ಇದ್ರೆ ಒಂದೇ ಸಲ ಹಾರುತ್ತೆ. ನಾವು ಬ್ಯಾಟರಿಯನ್ನ ಅರ್ಧರ್ಧ ಇಂಚು ಮುಂದೆ ತಳ್ಳಿ ತಳ್ಳಿ ಒಂದು ಭಾನುವಾರ ಪೂರ್ತಿ ಕಳೆದ್ವಿ.

ಕಾನೂನಿನ ಕಥೆಯೂ ಇದೆ. 2021ರ ಡ್ರೋನ್ ನಿಯಮಗಳು ನಾಲ್ಕು ಫ್ಯಾನಿನ ಡ್ರೋನ್‌ಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ರೆಕ್ಕೆ ಇರೋ ವಿಮಾನಕ್ಕೂ ಅದೇ ನಿಯಮ. 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕೆಜಿವರೆಗೆ ಮೈಕ್ರೋ. ನಮ್ಮದು 900 ಗ್ರಾಂ. ಎಲ್ಲೆಂದರಲ್ಲಿ ಹಾರಿಸುವ ಹಾಗಿಲ್ಲ, ಮ್ಯಾಪಿನಲ್ಲಿ ಹಸಿರು ವಲಯ ಇರಬೇಕು, ಅಲ್ಲೂ 400 ಅಡಿ ಮಿತಿ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಒಳಗಿದ್ರೆ 200 ಅಡಿ ಮಾತ್ರ. ತಪ್ಪಿದರೆ ದಂಡ ಒಂದು ಲಕ್ಷದವರೆಗೂ ಹೋಗಬಹುದು. ಅಂದ್ರೆ ಹನ್ನೆರಡು ಪ್ಲೇನ್ ಕಟ್ಟಿ ಮಿಕ್ಕೋ ದುಡ್ಡು.

ಮೈಸೂರಲ್ಲಿ ಮಂಡಕಳ್ಳಿ ಕಡೆ ಬಯಲು ಚೆನ್ನಾಗಿದೆ ಅಂತ ಪ್ಲೇನ್ ತಗೊಂಡು ಹೋಗೋ ಜೂನಿಯರ್ಸ್ ಇದ್ದಾರೆ. ಅಲ್ಲಿ ವಿಮಾನ ನಿಲ್ದಾಣ ಇದೆ ಕಣ್ರೋ. ದಯವಿಟ್ಟು ಬೇಡ.

(3/9)

ಬೆಳಿಗ್ಗೆ ಎಂಟೂವರೆ. ಮಂಜು ಎದ್ದಿತ್ತು, ಗಾಳಿ ಇನ್ನೂ ಎದ್ದಿರಲಿಲ್ಲ. ನಮ್ಮ ಪೈಲಟ್ ಮೇಡಂ ಎನ್‌ಸಿಸಿ ಏರ್ ವಿಂಗ್‌ನವಳು. ಅಲ್ಲಿ ಏರೋಮಾಡೆಲಿಂಗ್ ಕಲಿಸ್ತಾರೆ. ಆದ್ದರಿಂದ ರೇಡಿಯೋ ಅವಳ ಕೈಯಲ್ಲಿ, ಉಳಿದ ಮೂವರು ಕೂಲಿಗಳು.

ಮೊದಲ ಹತ್ತು ನಿಮಿಷ ಅವಳು ಹಾರಿಸಲೇ ಇಲ್ಲ. ಮೊದಲು ರೇಡಿಯೋ ಆನ್, ಆಮೇಲೆ ಬ್ಯಾಟರಿ ಕನೆಕ್ಟ್. ಸ್ಟಿಕ್ ಎಡಕ್ಕೆ ತಳ್ಳಿದ್ರೆ ಐಲೆರಾನ್ ಎಡಕ್ಕೇ ವಾಲುತ್ತಾ? ಎಲಿವೇಟರ್ ಎಳೆದರೆ ಮೇಲಕ್ಕೆ ಬರುತ್ತಾ? ರೇಡಿಯೋ ಆಫ್ ಮಾಡಿದ್ರೆ ಮೋಟಾರ್ ತಾನೇ ನಿಲ್ಲುತ್ತಾ? ಒಬ್ಬನಿಗೆ ಪ್ಲೇನ್ ಹಿಡ್ಕೊಂಡು ದೂರ ಹೋಗಿ ನಿಲ್ಲು ಅಂದಳು, ಅಲ್ಲೂ ಸಿಗ್ನಲ್ ಸಿಗುತ್ತಾ ಅಂತ ನೋಡೋಕೆ. ಪಕ್ಕದ ಗದ್ದೆಯಲ್ಲಿ ದನ ಕಟ್ಟಿದ್ದೋರ ಹತ್ರ ಹೋಗಿ, "ಅಣ್ಣಾ, ಅರ್ಧ ಗಂಟೆ ಈ ಕಡೆ ಬರಬೇಡಿ" ಅಂತ ಹೇಳಿ ಬಂದಳು.

ಅವಳ ಒಂದು ರೂಲ್ ನನಗೆ ತುಂಬಾ ಇಷ್ಟ ಆಯ್ತು. ಬ್ಯಾಟರಿ ಕನೆಕ್ಟ್ ಆದ ಕ್ಷಣದಿಂದ ಪ್ರೊಪೆಲ್ಲರ್ ತಿರುಗ್ತಾ ಇದೆ ಅಂತಲೇ ಅಂದುಕೋ. ನಿಂತಿದ್ರೂ ತಿರುಗ್ತಾ ಇದೆ. ಅದರ ಎದುರು ಕೈ ಇಲ್ಲ, ಮುಖ ಇಲ್ಲ, ಅದರ ನೇರಕ್ಕೆ ಯಾರೂ ನಿಲ್ಲೋ ಹಾಗಿಲ್ಲ. ಈ ರೂಲ್ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಆಮೇಲೆ ಎದುರುಗಾಳಿಗೆ ಮುಖ ಮಾಡಿ ಕೈಯಿಂದ ಎಸೆದ್ವಿ. ಹಾರ್ತು! ಬೋರ್ಡಿನ ಶೀಟು ಹಾರ್ತು! ಚೀರಿದ್ದು ವಿಡಿಯೋದಲ್ಲಿದೆ, ಮ್ಯೂಟ್ ಮಾಡಿ ನೋಡಿ.

ಸ್ಟಿಕ್ ನನ್ನ ಕೈಗೂ ಎರಡು ನಿಮಿಷ ಸಿಕ್ತು, ಪಕ್ಕದಲ್ಲಿ ಅವಳು ನಿಂತಿದ್ದಳು. ಪ್ಲೇನ್ ನಮ್ಮಿಂದ ದೂರ ಹೋಗುವಾಗ ಎಡ ಅಂದ್ರೆ ಎಡ. ನಮ್ಮ ಕಡೆ ತಿರುಗಿ ಬರುವಾಗ ಎಡ ಅಂದ್ರೆ ಬಲ. ಮೆದುಳು ಅಲ್ಲೇ ಹ್ಯಾಂಗ್ ಆಗುತ್ತೆ. ಗೇಮ್ ಆಡಿ ಆಡಿ ಬೆರಳು ಪಳಗಿದೆ ಅನ್ನೋ ಜಂಬ ಮೂವತ್ತು ಸೆಕೆಂಡಲ್ಲಿ ಇಳಿಯುತ್ತೆ. ಅಲ್ಲಿ ರೀಸ್ಟಾರ್ಟ್ ಬಟನ್ ಇಲ್ಲ.

ಬ್ಯಾಟರಿ ಬರೋದು ಎಂಟು ನಿಮಿಷ. ಅವಳು ಆರನೇ ನಿಮಿಷಕ್ಕೇ ಇಳಿಸಿದಳು. "ಇನ್ನೂ ಇತ್ತಲ್ಲೇ" ಅಂದೆ. "ಇಳಿಸೋಕೆ ಅಂತ ಇಟ್ಕೊಂಡಿದ್ದು ಅದು" ಅಂದಳು.

(4/9)

ಈಗ ಕೋವಿ.

ಗೆಳೆಯನ ತಾತ ಬೆಳಿಗ್ಗೆಯೇ ಒಂದು ಷರತ್ತು ಹಾಕಿದ್ರು. ನಮ್ಮ ಪ್ಲೇನನ್ನ ಅವರು ಕೊನೇವರೆಗೂ ಗಾಳಿಪಟ ಅಂತಲೇ ಕರೆದರು. "ಮಕ್ಕಳೇ, ಆ ಗಾಳಿಪಟ ಕೆಳಗಿಳಿದು ಪೆಟ್ಟಿಗೆಯೊಳಗೆ ಹೋಗೋ ತನಕ ಕೋವಿ ಮನೆಯಿಂದ ಹೊರಗೆ ಬರೋದಿಲ್ಲ." ಆಕಾಶ ನೋಡೋ ಹೊತ್ತಲ್ಲಿ ಆಕಾಶ ನೋಡಿ, ಗುರಿ ನೋಡೋ ಹೊತ್ತಲ್ಲಿ ಗುರಿ ನೋಡಿ, ಎರಡೂ ಒಟ್ಟಿಗೆ ಆಗದು ಅಂತ.

ಊಟಕ್ಕೆ ಪಂದಿಕರಿ, ಕಡಂಬುಟ್ಟು, ವೆಜ್‌ನವರಿಗೆ ಅಕ್ಕಿ ರೊಟ್ಟಿ, ಕುಂಬಳಕಾಯಿ ಕರಿ. ಈ ವಿಷಯವನ್ನ ಬೇಗ ಮುಗಿಸ್ತೀನಿ, ಇಲ್ಲಾಂದ್ರೆ ಅದೇ ಒಂಬತ್ತು ಕ್ಯಾಪ್ಷನ್ ಆಗುತ್ತೆ.

ಆಮೇಲೆ ಕೋವಿ ಬಂತು. ಒಂಟಿ ನಳಿಗೆ, ಬಾಯಿಯಿಂದ ಮದ್ದು ತುಂಬೋ ಕೇಪಿನ ಕೋವಿ. ಅವರ ಮನೆಯಲ್ಲಿ ಎಷ್ಟೋ ತಲೆಮಾರಿನಿಂದ ಇರೋದು. ಈಗಿನ ಸಿನಿಮಾದಲ್ಲಿ ತೋರಿಸೋ ಥರ ಢಂ ಢಂ ಅಂತ ಹೊಡೆಯೋ ವಸ್ತುವೇ ಅಲ್ಲ ಇದು. ಒಂದು ಈಡಿಗೆ ಎರಡು ಮೂರು ನಿಮಿಷ ತಯಾರಿ ಬೇಕು. ಮೊದಲು ಉದ್ದನೆಯ ಸರಳನ್ನ ನಳಿಗೆಯೊಳಗೆ ಬಿಟ್ಟು ನೋಡ್ತಾರೆ. ಸರಳಿನ ಮೇಲೆ ಒಂದು ಗುರುತಿದೆ. ಗುರುತು ನಳಿಗೆಯ ಬಾಯಿಗೆ ಸರಿ ಬಂದರೆ ಖಾಲಿ, ಮೇಲೆ ನಿಂತರೆ ಒಳಗೆ ಹಳೇ ಮದ್ದಿದೆ ಅಂತ ಅರ್ಥ. ಆಮೇಲೆ ಅಳತೆ ಮಾಡಿದ ಕರಿಮದ್ದು, ಮೇಲೊಂದು ಬಟ್ಟೆ ಚೂರು, ಗುಂಡು, ಮತ್ತೊಂದು ಬಟ್ಟೆ ಚೂರು, ಸರಳಿನಿಂದ ಒತ್ತೋದು. ಕೊನೆಗೆ, ಎಲ್ಲರೂ ಹಿಂದೆ ಬಂದ ಮೇಲೆ, ಕೇಪು.

ಎರಡನೇ ಈಡಿಗೆ ಮುಂಚೆ ಸ್ವಲ್ಪ ಹೊತ್ತು ಬಿಟ್ರು. ನಳಿಗೆಯೊಳಗೆ ಕಿಡಿ ಉಳಿದಿದ್ರೆ ಹೊಸ ಮದ್ದು ತುಂಬುವಾಗಲೇ ಹತ್ತಿಕೊಳ್ಳುತ್ತೆ. ಇನ್ನೊಂದು ಸಲ ಕೇಪು ಸಿಡೀತು, ಕೋವಿ ಸಿಡೀಲಿಲ್ಲ. ನಾವು ನಗೋಕೆ ಶುರು ಮಾಡಿದ್ವಿ. ತಾತ ಕೋವಿ ಇಳಿಸಲೇ ಇಲ್ಲ. ನಳಿಗೆ ಗುರಿ ಕಡೆಗೇ ಇಟ್ಟು ಒಂದು ನಿಮಿಷ ಸುಮ್ಮನೆ ನಿಂತ್ರು. ಕೆಲವೊಮ್ಮೆ ಮದ್ದು ತಡವಾಗಿ ಹತ್ತುತ್ತೆ. ಆ ಒಂದು ನಿಮಿಷ ನಮ್ಮ ನಗುವೂ ನಿಂತಿತ್ತು.

ತೆಂಗಿನಕಾಯಿ ಮರದ ಮೇಲೆ ಇರಲಿಲ್ಲ. ಎತ್ತರದ ಮಣ್ಣಿನ ದರೆಯ ಬುಡದಲ್ಲಿ ಇಟ್ಟಿದ್ರು. ಗುರಿ ತಪ್ಪಿದ್ರೆ ಗುಂಡು ಮಣ್ಣಿಗೆ. ಕಾಫಿ ಕುಯ್ಯೋ ಕಾಲ ಆದ್ದರಿಂದ ಲೈನ್ ಮನೆಗೂ, ತೋಟದಲ್ಲಿದ್ದವರಿಗೂ ಮೊದಲೇ ಹೇಳಿ ಕಳಿಸಿದ್ರು.

ತಾತನದು ಎರಡು ತಪ್ತು. ಗೆಳೆಯನ ಅಕ್ಕನದು ಮೊದಲನೇ ಈಡಿಗೇ ಕಾಯಿ ಎರಡು ಹೋಳು. ಹೊಗೆ ಕರಗೋಕೆ ಮುಂಚೆ ತಾತನ ಮುಖದಲ್ಲಿ ನಗು.

(5/9)

ಎರಡನೇ ಗುಂಪಿನವರೇ, ಈಗ ನಿಮ್ಮ ಸರದಿ. "ಪ್ಲೇನ್‌ಗೇ ಗುಂಡು ಹೊಡೀಬೇಕಿತ್ತು."

ನಿಮ್ಮ ಐಡಿಯಾ ಹೊಸದಲ್ಲ. ಸುಮಾರು ತೊಂಬತ್ತು ವರ್ಷ ಹಳೇದು. ಮತ್ತೆ ಅದರಿಂದಲೇ ಡ್ರೋನ್ ಅನ್ನೋ ಹೆಸರು ಬಂತು ಅಂತಾರೆ.

1935ರಲ್ಲಿ ಬ್ರಿಟಿಷರು ಟೈಗರ್ ಮಾತ್ ಅನ್ನೋ ತರಬೇತಿ ವಿಮಾನವನ್ನ ರೇಡಿಯೋದಿಂದ ಹಾರಿಸೋ ಹಾಗೆ ಬದಲಾಯಿಸಿದ್ರು. ಒಳಗೆ ಪೈಲಟ್ ಇಲ್ಲ. ನೆಲದಲ್ಲಿದ್ದ ಗನ್ನರ್‌ಗಳು ಅದರ ಮೇಲೆ ಗುರಿ ಅಭ್ಯಾಸ ಮಾಡ್ತಿದ್ರು. ಅದರ ಹೆಸರು ಕ್ವೀನ್ ಬೀ, ರಾಣಿ ಜೇನು. ಗಂಡು ಜೇನಿಗೆ ಇಂಗ್ಲಿಷಲ್ಲಿ ಡ್ರೋನ್ ಅಂತಾರೆ. ಮದುವೆ ಮನೆಯಲ್ಲಿ ತಲೆ ಮೇಲೆ ಗುಂಯ್ ಅನ್ನುತ್ತಲ್ಲ, ಆ ಡ್ರೋನ್‌ನ ಅಜ್ಜ ಗುಂಡು ತಿನ್ನೋಕೆ ಅಂತಲೇ ಹುಟ್ಟಿದ್ದು.

ಅಮೆರಿಕದ ಕಥೆ ಇನ್ನೂ ಮಜಾ. ರೆಜಿನಾಲ್ಡ್ ಡೆನ್ನಿ ಅಂತ ಹಾಲಿವುಡ್ ನಟ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿದ್ದೋರು. ಮಾಡೆಲ್ ವಿಮಾನದ ಹುಚ್ಚು ಎಷ್ಟಿತ್ತು ಅಂದ್ರೆ ಹಾಲಿವುಡ್‌ನಲ್ಲೇ ಅದರ ಅಂಗಡಿ ತೆಗೆದ್ರು. ಆಮೇಲೆ ರೇಡಿಯೋಪ್ಲೇನ್ ಅನ್ನೋ ಕಂಪನಿ ಮಾಡಿ, ಗನ್ನರ್‌ಗಳು ಗುರಿ ಕಲಿಯೋಕೆ ಅಂತ ಸಣ್ಣ ವಿಮಾನಗಳನ್ನ ಸೇನೆಗೆ ಮಾರಿದ್ರು. ಎರಡನೇ ಮಹಾಯುದ್ಧದ ಹೊತ್ತಿಗೆ ಸುಮಾರು 15,000. ಆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗಿಯ ಫೋಟೋವನ್ನ 1945ರಲ್ಲಿ ಸೇನೆಯ ಫೋಟೋಗ್ರಾಫರ್ ತೆಗೆದ. ಹುಡುಗಿಯ ಹೆಸರು ನಾರ್ಮಾ ಜೀನ್. ಆಮೇಲೆ ಜಗತ್ತಿಗೆಲ್ಲ ಗೊತ್ತಾದ ಹೆಸರು ಮರ್ಲಿನ್ ಮನ್ರೋ.

ದೂರದ ಕಥೆ ಯಾಕೆ, ನಮ್ಮ ಬೆಂಗಳೂರಲ್ಲೇ ಇದೆ. ಡಿಆರ್‌ಡಿಓದ ಎಡಿಇ ಸಂಸ್ಥೆ ರೂಪಿಸಿದ "ಲಕ್ಷ್ಯ" ಪೈಲಟ್ ಇಲ್ಲದ ಗುರಿ ವಿಮಾನ. ಅದರ ತಮ್ಮನ ಹಾಗೆ ಬಂದದ್ದು "ಅಭ್ಯಾಸ್". ಹೆಸರಲ್ಲೇ ಗೊತ್ತಾಗುತ್ತೆ, ಸೈನಿಕರು ಗುರಿ ಹೊಡೆಯೋದನ್ನ ಕಲಿಯೋಕೆ ಅಂತಲೇ ಮಾಡಿದ್ದು.

ಅಂದ್ರೆ ಪ್ಲೇನು ಕೋವಿ ಒಟ್ಟಿಗೆ ಸೇರಿದ್ದು ಹೌದು. ಆದರೆ ಎಲ್ಲಿ ಸೇರಿದ್ವು ನೋಡಿ. ಮುಚ್ಚಿದ ರೇಂಜ್, ಖಾಲಿ ಮಾಡಿಸಿದ ಆಕಾಶ, ಗುಂಡು ಎಲ್ಲಿ ಬೀಳುತ್ತೆ ಅಂತ ಲೆಕ್ಕ ಹಾಕಿದ ಜನ. ಅದು ರೀಲ್ ಅಲ್ಲ, ಡ್ಯೂಟಿ.

(6/9)

ನಾವು ಯಾಕೆ ಹೊಡೀಲಿಲ್ಲ ಅನ್ನೋದಕ್ಕೆ ನಾಲ್ಕು ಕಾರಣ. ಪರೀಕ್ಷೆಯಲ್ಲಿ ಬರೆಯೋ ಹಾಗೆ ಪಾಯಿಂಟ್ ವೈಸ್.

ಒಂದು, ಮೇಲಕ್ಕೆ ಹೋದದ್ದು ಕೆಳಗೆ ಬರುತ್ತೆ. ಸಣ್ಣದು ಅಂತ ಎಲ್ಲರೂ ಹಗುರ ಮಾಡೋ .22 ಗುಂಡು ಕೂಡ ಒಂದು ಮೈಲಿಗಿಂತ ಹೆಚ್ಚು ದೂರ ಹೋಗಬಲ್ಲದು. ದರೆಗೆ ಹೊಡೆದ ಗುಂಡು ಎಲ್ಲಿದೆ ಅಂತ ಗೊತ್ತು, ಸಂಜೆ ಹೋಗಿ ಕೆದಕಿ ತೆಗೀಬಹುದು. ಆಕಾಶಕ್ಕೆ ಹೊಡೆದ ಗುಂಡಿನ ಅಡ್ರೆಸ್ ಯಾರಿಗೂ ಗೊತ್ತಿಲ್ಲ. ಒಂದು ಮೈಲಿಯೊಳಗೆ ಅಲ್ಲಿ ತೋಟ ಇದೆ, ಕಾಫಿ ಕುಯ್ಯೋ ಹೆಂಗಸರಿದ್ದಾರೆ, ಅಂಗನವಾಡಿ ಇದೆ.

ಎರಡು, ಲಿಪೋ ಬ್ಯಾಟರಿ. ತೂತಾದ್ರೆ ಬೆಂಕಿ. ಜನವರಿ ಗದ್ದೆಯಲ್ಲಿ ಒಣಗಿದ ಹುಲ್ಲು, ಪಕ್ಕದಲ್ಲೇ ತೋಟ. ಬಿಡಿಸಿ ಹೇಳಬೇಕಾ?

ಮೂರು, ಗಮನ. ಪ್ಲೇನ್ ಹಾರುವಾಗ ಎಲ್ಲರ ಕಣ್ಣು ಮೇಲೆ, ಕಾಲು ತನ್ನಷ್ಟಕ್ಕೆ ಎಲ್ಲೋ ನಡೀತಾ ಇರುತ್ತೆ. ಕೋವಿ ಇರೋ ಜಾಗದಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಅನ್ನೋದೇ ಎಲ್ಲಕ್ಕಿಂತ ಮುಖ್ಯ. ಈ ಎರಡು ಒಂದೇ ಗದ್ದೆಯಲ್ಲಿ ಒಂದೇ ಹೊತ್ತಲ್ಲಿ ಕೂಡಲ್ಲ. ತಾತನ ಷರತ್ತಿನ ಅರ್ಥ ನನಗೆ ಇದೇ ಅನ್ನಿಸ್ತು.

ನಾಲ್ಕು, ಎಂಟು ಸಾವಿರ ರೂಪಾಯಿ ಮತ್ತು ಮೂರು ಭಾನುವಾರ. ನೀವು ಕೊಡ್ತೀರಾ?

ಈಗ ಪೈಲಟ್ ಮೇಡಂ ರೂಲ್ ನೆನಪು ಮಾಡ್ಕೊಳ್ಳಿ: ಕನೆಕ್ಟ್ ಆದ ಪ್ಲೇನ್ ಅಂದ್ರೆ ತಿರುಗ್ತಿರೋ ಪ್ರೊಪೆಲ್ಲರ್. ತಾತನ ರೂಲ್: ಕೋವಿ ಯಾವತ್ತೂ ತುಂಬಿದೆ ಅಂತಲೇ ಅಂದುಕೋ, ಖಾಲಿ ಅಂತ ಈಗಷ್ಟೇ ನೋಡಿದ್ರೂ. ಇಪ್ಪತ್ತು ವರ್ಷದ ಎನ್‌ಸಿಸಿ ಹುಡುಗಿ, ಎಂಬತ್ತರ ಹತ್ತಿರದ ತಾತ. ಇಬ್ಬರೂ ಮೊದಲ ಸಲ ಭೇಟಿ ಆಗಿದ್ದು ಆವತ್ತೇ. ಇಬ್ಬರೂ ಬೇರೆ ಬೇರೆ ಕಡೆ ಕಲಿತದ್ದು ಒಂದೇ ಪಾಠ.

ಇದು ಭಯದ ಪಾಠ ಅಲ್ಲ. ಇಬ್ಬರೂ ದಿನವಿಡೀ ನಗ್ತಾನೇ ಇದ್ರು. ರೂಲ್ ಇದ್ದಿದ್ದಕ್ಕೇ ನಿರಾಳವಾಗಿ ನಗೋಕೆ ಆಯ್ತು. ಕ್ರಿಕೆಟ್‌ನಲ್ಲಿ ಬೌಂಡರಿ ಗೆರೆ ಅಳಿಸಿದ್ರೆ ಆಟ ಜಾಸ್ತಿ ಮಜಾ ಆಗುತ್ತಾ? ಆಟವೇ ಇರಲ್ಲ.

(7/9)

ಒಂದನೇ ಗುಂಪಿನವರೇ, ನಿಮ್ಮ ಪ್ರಶ್ನೆ ಹೆಚ್ಚು ಕಷ್ಟದ್ದು. "ಕೋವಿ ಯಾಕೆ ಬೇಕು?" ಬೈದಿದ್ದಕ್ಕೆ ಬೇಜಾರಿಲ್ಲ, ಕೇಳಲೇಬೇಕಾದ ಪ್ರಶ್ನೆ.

ಮೊದಲು ಗೊತ್ತಿರಬೇಕಾದ್ದು. ಈ ದೇಶದಲ್ಲಿ ಕೋವಿ ಇಟ್ಕೊಳ್ಳೋಕೆ ಲೈಸೆನ್ಸ್ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಮಾತ್ರ ಅದರಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದ್ದು, 1861ರಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ ಹತ್ತು ವರ್ಷಕ್ಕೆ ಮುಂದುವರಿಸಿತು, ಅಂದ್ರೆ 2029ರ ಅಕ್ಟೋಬರ್‌ವರೆಗೆ. ಹೈಕೋರ್ಟ್ ಮುಂದೆ ಪ್ರಶ್ನೆ ಬಂದಾಗ 2021ರಲ್ಲಿ ಕೋರ್ಟ್ ವಿನಾಯಿತಿಯನ್ನ ಎತ್ತಿ ಹಿಡಿಯಿತು.

ಅಲ್ಲಿ ಕೋವಿ ಆಯುಧ ಪೂಜೆಯ ದಿನ ಮಾತ್ರ ನೆನಪಾಗೋ ವಸ್ತು ಅಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್‌ನಲ್ಲಿ, ನಾಟಿ ಮುಗಿದ ಮೇಲೆ, ಅದಕ್ಕೆ ತೋಕ್ ಪೂ ಅಂದ್ರೆ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡ್ತಾರೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಡ್ತಾರೆ. ಪುತ್ತರಿಯಲ್ಲಿ ಮೊದಲ ಕದಿರು ಕುಯ್ಯುವಾಗ ಒಂದು ಈಡು. ಮನೆಯಲ್ಲಿ ಸಾವಾದಾಗಲೂ ಈಡು. ಊರಿಗೆ ಸುದ್ದಿ ಮುಟ್ಟಿಸೋದು ಅದೇ. 1972ರ ವನ್ಯಜೀವಿ ಕಾನೂನಿನ ನಂತರ ಬೇಟೆಯ ದಾರಿ ಮುಚ್ಚಿತು. ಗುರಿಯ ಕೌಶಲ ಈಗ ಉಳಿದಿರೋದು ತೆಂಗಿನಕಾಯಿಯಲ್ಲಿ. ಪ್ರಾಣಿಯ ಜಾಗಕ್ಕೆ ಕಾಯಿ ಬಂತು, ಆಟ ನಿಲ್ಲಲಿಲ್ಲ. ಒಲಿಂಪಿಕ್ಸ್‌ನಲ್ಲೂ ಹೀಗೇ ಆಗಿದ್ದು. 1900ರ ಪ್ಯಾರಿಸ್‌ನಲ್ಲಿ ಜೀವಂತ ಪಾರಿವಾಳಕ್ಕೆ ಹೊಡೆದ್ರು. ಆಮೇಲೆ ಅದರ ಜಾಗದಲ್ಲಿ ಮಣ್ಣಿನ ಬಿಲ್ಲೆಯೇ ಗುರಿ ಆಯ್ತು. ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರಲ್ಲಿ ಬೆಳ್ಳಿ ಗೆದ್ದದ್ದು ಆ ಬಿಲ್ಲೆ ಒಡೆದೇ.

ಇಷ್ಟು ಹೇಳಿದ ಮೇಲೂ ನಿಮ್ಮ ಮಾತಲ್ಲಿ ಅರ್ಧ ನಾನು ಒಪ್ತೀನಿ. ಮನೆಯಲ್ಲಿ ಕೋವಿ ಇದ್ರೆ ಅಪಾಯವೂ ಮನೆಯಲ್ಲೇ ಇದೆ. ಕುಡಿದ ಒಂದು ರಾತ್ರಿ, ಆಸ್ತಿ ಜಗಳದ ಒಂದು ಸಂಜೆ ಸಾಕು. ಸಂಪ್ರದಾಯ ಅನ್ನೋ ಹೆಸರು ಗುಂಡಿಗೆ ಗೊತ್ತಿಲ್ಲ. ಕೊಡಗಿನವರೇ ಇದನ್ನ ನಮಗಿಂತ ಚೆನ್ನಾಗಿ ಬಲ್ಲರು.

ಒಪ್ಪದ ಅರ್ಧ ಇದು. ಆ ಮನೆಯಲ್ಲಿ ಕೋವಿ ಮುಟ್ಟೋಕೆ ಮುಂಚೆ ಕಾಲು ತೊಳೀಬೇಕು. ಕುಡಿದವರು ಮುಟ್ಟೋ ಹಾಗಿಲ್ಲ. ಮನುಷ್ಯರ ಕಡೆ ಖಾಲಿ ನಳಿಗೆಯನ್ನೂ ತಿರುಗಿಸೋ ಹಾಗಿಲ್ಲ. ಅತಿಥಿಗಳಾದ ನಮ್ಮ ಕೈಗೆ ಅದು ಬರಲೇ ಇಲ್ಲ, ಯಾಕಂದ್ರೆ ವಿನಾಯಿತಿ ಅವರದ್ದು, ನಮ್ಮದಲ್ಲ. ನಾವು ಏರ್‌ಗನ್‌ನಲ್ಲಿ ಬಾಟಲಿ ಮುಚ್ಚಳ ಹೊಡೆದು ಖುಷಿಪಟ್ವಿ. ನಾನು ಹದಿನೈದಕ್ಕೆ ನಾಲ್ಕು. ಇಷ್ಟು ಶಿಸ್ತಿನ ಜೊತೆ ಇರೋ ಕೋವಿಗಿಂತ, ಶಿಸ್ತೇ ಇಲ್ಲದೆ ಫೋನ್ ಹಿಡಿದ ಕೈ ನನಗೆ ಹೆಚ್ಚು ಭಯ ಹುಟ್ಟಿಸುತ್ತೆ.

(8/9)

ಆ ಫೋನಿನ ವಿಷಯ.

ಗನ್ ಹಿಡಿದ ರೀಲ್‌ಗಳು ನಮ್ಮ ಫೀಡ್‌ನಲ್ಲಿ ಎಷ್ಟು ಬರ್ತವೆ ಅಂತ ನಿಮಗೇ ಗೊತ್ತು. ಸ್ಲೋ ಮೋಷನ್, ಹಿಂದೆ ಮಾಸ್ ಬಿಜಿಎಂ, ನಳಿಗೆ ನೇರ ಕ್ಯಾಮೆರಾ ಕಡೆ. ಒಂದು ಕ್ಷಣ ಯೋಚಿಸಿ: ಕ್ಯಾಮೆರಾ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ನಳಿಗೆ ಇರೋದು ಅವನ ಮುಖಕ್ಕೆ. ಆ ಗೆಳೆಯನೇ ನಗ್ತಾ "ಇನ್ನೊಂದು ಟೇಕ್" ಅಂತಾನೆ.

2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆಗಿದೆ. ಬೇರೆಯವರ ಜೀವಕ್ಕೆ ಅಪಾಯ ಆಗೋ ಹಾಗೆ ಬೇಜವಾಬ್ದಾರಿಯಿಂದ ಅಥವಾ ಸಂಭ್ರಮಕ್ಕೆ ಅಂತ ಗುಂಡು ಹಾರಿಸಿದ್ರೆ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಮದುವೆ ದಿಬ್ಬಣ, ಗೆಲುವಿನ ಮೆರವಣಿಗೆ ಎಲ್ಲಾ ಇದರೊಳಗೆ ಬರುತ್ತೆ.

ಆದರೆ ನನ್ನ ವಾದ ಜೈಲಿನ ಭಯದ್ದಲ್ಲ. 2029 ಬಹಳ ದೂರ ಇಲ್ಲ, ನಮ್ಮ ಜೂನಿಯರ್ಸ್ ಕೆಲಸಕ್ಕೆ ಸೇರೋ ಹೊತ್ತು. ಆ ವಿನಾಯಿತಿ ಮುಂದುವರೀಬೇಕಾ ಬೇಡ್ವಾ ಅನ್ನೋ ಚರ್ಚೆ ಮತ್ತೆ ಬರುತ್ತೆ. ಆಗ ಹೊರಗಿನವರು ನೋಡೋದು ತಾತ ಒಂದು ನಿಮಿಷ ಸುಮ್ಮನೆ ನಿಂತದ್ದನ್ನಲ್ಲ. ಅವರಿಗೆ ಕಾಣೋದು ಹದಿನೈದು ಸೆಕೆಂಡಿನ ರೀಲ್. ಒಬ್ಬನ ಶೋಕಿಗೆ ಒಂದು ಊರಿನ ಎಷ್ಟೋ ತಲೆಮಾರಿನ ಎಚ್ಚರಕ್ಕೆ ಬೆಲೆ ಇಲ್ಲದ ಹಾಗಾಗುತ್ತೆ. ಮಾಡೆಲ್ ಪ್ಲೇನ್‌ನವರದ್ದೂ ಇದೇ ಗತಿ. ಯಾರೋ ಒಬ್ಬ ರನ್‌ವೇ ಪಕ್ಕ ಹಾರಿಸಿದ್ರೆ ಬಾಗಿಲು ಮುಚ್ಚೋದು ಎಲ್ಲರಿಗೂ.

ವಿಮಾನಕ್ಕೆ ಗುಂಡು ಹೊಡೆದ ನಿಜವಾದ ಕಥೆ ಬೇಕಾ? ಕೊಡಗಿನವರದ್ದೇ ಇದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7, ಸರ್ಗೋಧಾ ಮೇಲಿನ ದಾಳಿ. ಅವರು ಹಾರಿಸ್ತಿದ್ದದ್ದು ಮಿಸ್ಟೀರ್. ಎದುರಿಗೆ ಬಂದದ್ದು ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್. ಅದನ್ನ ಅವರು ಹೊಡೆದುರುಳಿಸಿದ್ರು, ಅವರೂ ವಾಪಸ್ ಬರಲಿಲ್ಲ. ಅಲ್ಲಿ ಏನಾಯ್ತು ಅಂತ ನಮ್ಮವರಿಗೆ ವರ್ಷಗಳ ಕಾಲ ಗೊತ್ತೇ ಇರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ.

ಲೈಕ್ ಬರೋಕೆ 23 ವರ್ಷ. ಅದೂ ಅವರು ನೋಡೋಕೆ ಇರಲಿಲ್ಲ. ಮುಂದಿನ ಸಲ ಇನ್ನೊಬ್ಬರ ಕೋವಿ ಹೆಗಲಿಗೇರಿಸಿ "ವಾರಿಯರ್" ಅಂತ ಕ್ಯಾಪ್ಷನ್ ಹಾಕೋಕೆ ಮುಂಚೆ ಇದೊಂದು ನೆನಪಿರಲಿ.

(9/9)

ಕೊನೇದು. ಬೈದು ಮುಗಿಸೋಕೆ ಇಷ್ಟ ಇಲ್ಲ, ಏನು ಬೇಕು ಅಂತ ಹೇಳಿ ಮುಗಿಸ್ತೀನಿ.

ನಮಗೆ ಬೇಕಿರೋದು ಇನ್ನಷ್ಟು ನಿಷೇಧ ಅಲ್ಲ, ಇನ್ನಷ್ಟು ಮೈದಾನ. ಪ್ಲೇನ್ ಹಾರಿಸೋಕೆ ನಾವು ಮೈಸೂರಿಂದ ಗೋಣಿಕೊಪ್ಪದವರೆಗೆ ಬಸ್ ಹತ್ತಬೇಕಾಯ್ತು. ಹತ್ತಿರದ ಒಂದು ಮೈದಾನ ಕೇಳಿದ್ರೆ "ಯಾರ ತಲೆ ಮೇಲಾದ್ರೂ ಬಿದ್ರೆ ಯಾರು ಹೊಣೆ" ಅಂದ್ರು. ನ್ಯಾಯವಾದ ಪ್ರಶ್ನೆ. ಆದರೆ ಆ ಪ್ರಶ್ನೆಗೆ ಬೇಡ ಅನ್ನೋದೊಂದೇ ಉತ್ತರ ಅಲ್ಲ. ಹಸಿರು ವಲಯದ ಒಂದು ಬಯಲು, ತಿಂಗಳಿಗೆ ಒಂದು ಭಾನುವಾರ, ಬೆಳಿಗ್ಗೆ ಏಳರಿಂದ ಒಂಬತ್ತು, ಗೊತ್ತಿರೋ ಒಬ್ಬರು ಮೇಲ್ವಿಚಾರಣೆಗೆ. ಇದೂ ಉತ್ತರ. ಜಾಗ ಕೊಡದಿದ್ರೆ ಹುಡುಗರು ಹಾರಿಸೋದು ನಿಲ್ಲಿಸಲ್ಲ. ಟೆರೇಸ್ ಮೇಲಿಂದ ಹಾರಿಸ್ತಾರೆ. ಹೊಣೆ ಆಗ ಇನ್ನೂ ಜಾಸ್ತಿ.

ಗುರಿ ಹೊಡೆಯೋ ಆಸೆ ಇರೋರಿಗೆ ಗೆಳೆಯನ ಮನೆಯ ಕೋವಿ ದಾರಿ ಅಲ್ಲ. ರೈಫಲ್ ಕ್ಲಬ್, ಎನ್‌ಸಿಸಿ ಫೈರಿಂಗ್, ಕೋಚ್ ಇರೋ 10 ಮೀಟರ್ ಏರ್ ರೈಫಲ್ ರೇಂಜ್ ಇದೆ. ಅಲ್ಲಿ ಮೊದಲ ದಿನ ಗುಂಡು ಕೊಡಲ್ಲ, ನಿಲ್ಲೋದು ಕಲಿಸ್ತಾರೆ. ಅದು ಬೋರ್ ಅನ್ನಿಸಿದ್ರೆ ನಿಮಗೆ ಬೇಕಿರೋದು ಶೂಟಿಂಗ್ ಅಲ್ಲ, ಫೋಟೋ.

ನಮ್ಮ ನಾಲ್ವರ ಗುಂಪು ಮೂರು ರೂಲ್ ಮಾಡ್ಕೊಂಡಿದೆ. ಬೇಕಾದ್ರೆ ಕದ್ಕೊಳ್ಳಿ, ಕಾಪಿರೈಟ್ ಇಲ್ಲ.

ಒಂದು: ಪ್ಲೇನ್ ಮೇಲಿದ್ರೆ ಕೋವಿ ಒಳಗೆ. ಕೋವಿ ಹೊರಗಿದ್ರೆ ಪ್ಲೇನ್ ಪೆಟ್ಟಿಗೆಯಲ್ಲಿ.

ಎರಡು: ಇಳಿಯೋ ಜಾಗ ನೋಡದೆ ಏನನ್ನೂ ಹಾರಿಸೋ ಹಾಗಿಲ್ಲ. ಪ್ಲೇನ್‌ಗೆ ಗದ್ದೆ, ಗುಂಡಿಗೆ ದರೆ.

ಮೂರು: ಕೋವಿ ಜೊತೆ ಸೆಲ್ಫಿ ಇಲ್ಲ. ಫೋಟೋ ಬೇಕಿದ್ರೆ ಒಡೆದ ಕಾಯಿಯದ್ದು. ನಮ್ಮ ಪೋಸ್ಟ್‌ನಲ್ಲಿ ಇರೋದೂ ಅಷ್ಟೇ, ಬೇಕಾದ್ರೆ ಸ್ವೈಪ್ ಮಾಡಿ ನೋಡಿ.

ಆ ಹಳೇ ಕೋವಿಯ ಬಗ್ಗೆ ಒಂದು ಬಿಕಾಂ ಜೋಕ್. ರಿಟನ್ ಡೌನ್ ವ್ಯಾಲ್ಯೂ ಮೆಥಡ್‌ನಲ್ಲಿ ಎಷ್ಟು ವರ್ಷ ಸವಕಳಿ ಕಳೆದರೂ ಬೆಲೆ ಸೊನ್ನೆ ಆಗಲ್ಲ ಅಂತ ಕ್ಲಾಸಲ್ಲಿ ಹೇಳ್ತಾರಲ್ಲ, ಅದಕ್ಕೆ ಅಷ್ಟು ಒಳ್ಳೇ ಉದಾಹರಣೆ ನಾನು ಬೇರೆ ನೋಡಿಲ್ಲ. ಪುಸ್ತಕದಲ್ಲಿ ಅದರ ಬೆಲೆ ಇನ್ನೇನು ಮುಗೀತು. ಆದರೂ ಅದನ್ನ ರೈಟ್ ಆಫ್ ಮಾಡೋಕೆ ಆ ಮನೆಯಲ್ಲಿ ಯಾರಿಗೂ ಕೈ ಬರಲ್ಲ.

ಎರಡೂ ಗುಂಪಿನವರು ಕಾಮೆಂಟ್ ಮಾಡಿ. ಒಪ್ಪದಿದ್ರೆ ಕಾರಣ ಬರೀರಿ, ಬರೀ ಇಮೋಜಿ ಬೇಡ. ನಿಮ್ಮೂರಲ್ಲಿ ಹಸಿರು ವಲಯದ, ದನ ಕಡಿಮೆ ಇರೋ ಬಯಲು ಇದ್ರೆ ಮೆಸೇಜ್ ಮಾಡಿ. ಬ್ಯಾಟರಿ ಚಾರ್ಜ್‌ಗೆ ಹಾಕಿ ಪಕ್ಕದಲ್ಲೇ ಕೂತಿದ್ದೀನಿ, ಲಿಪೋ ಅಲ್ವಾ, ಬಿಟ್ಟು ಹೋಗೋ ಹಾಗಿಲ್ಲ.

#ಹಾರಿಸೋಕೆಮುಂಚೆ #ಇಳಿಯೋಜಾಗನೋಡಿ #ಸನ್‌ಪ್ಯಾಕ್‌ಪ್ಲೇನ್ #ತೆಂಗಿನಕಾಯಿಗುರಿ #ಬಿಕಾಂಹುಡುಗರಏರ್‌ಲೈನ್ಸ್